ಅಟ್ಟದ ಮೇಲಿನ ಡಿಸ್ಕು, ಪಡಸಾಲೆಯ ಟಿವಿ

ಇಚಲಕರಂಜಿಯ ಸೋದರಮಾವನ ಮಗಳ ಮದುವೆ ಮುಗಿದು ಮೂರು ವಾರಕ್ಕೆ ವಿಡಿಯೊದವರು ಒಂದು ಹಾರ್ಡ್ ಡಿಸ್ಕ್ ತಂದುಕೊಟ್ಟರು. ಮೊಬೈಲಿಗೆ ಕಳಿಸುವ ಸಣ್ಣ ವಿಡಿಯೊ ಸಾಲದು, ಎಡಿಟ್ ಆದ ಮೂಲ ಕಡತವೇ ಬೇಕು ಎಂದು ಹುಡುಗಿಯ ಅಣ್ಣ ಮೊದಲೇ ಹಟ ಹಿಡಿದಿದ್ದ. ಅರಿಶಿನದಿಂದ ಹೆಣ್ಣೊಪ್ಪಿಸುವತನಕ ಮೂರು ತಾಸು, 4ಕೆ ಚಿತ್ರ, ಸೆಕೆಂಡಿಗೆ 100 ಮೆಗಾಬಿಟ್. ತಾಸಿಗೆ 45 ಜಿಬಿಯಂತೆ ಒಟ್ಟು 135 ಜಿಬಿ. ಮಾವ ಡಿಸ್ಕನ್ನು ಟಿವಿಯ ಹಿಂದೆ ಚುಚ್ಚಿ ಓಣಿಯ ಮಂದಿಯನ್ನೆಲ್ಲ ಕರೆದು ಕೂಡಿಸಿದರು. ವಾಲಗದ ಸದ್ದು ಬಂತು, ಚಿತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಗಡಹಿಂಗ್ಲಜದ ನಮ್ಮ ಮನೆಗೆ ಫೋನು: "ಅಳ್ಯಾ, ನಿಮ್ಮ ಮನ್ಯಾಗ ಅದೇನೋ ಸರ್ವರ್ ಅಂತ ಇಟ್ಟೀಯಲ್ಲ, ಅಂಥಾದ್ದು ನಮಗೂ ಒಂದು ಹಚ್ಚಿಕೊಡು. ಎಷ್ಟು ದೊಡ್ಡ ಮಷಿನ್ ಬೇಕು, ಅಷ್ಟು ಹೇಳು."

ಮಾವ ಕೇಳಿದ್ದು ಒಂದೇ ಸಾಲಿನ ಪ್ರಶ್ನೆ. ಇದಕ್ಕೆ ಬಲ್ಲವರು ಕೊಡುವ ಉತ್ತರ ಎರಡು, ಒಂದಕ್ಕೊಂದು ಎದುರು. ಗಟ್ಟಿ ಮಷಿನ್ ತಗೋ, ಯಾವ ಕಡತ ಬಂದರೂ ಯಾವ ಪರದೆಗೆ ಬೇಕಾದರೂ ಅದು ಆಗಿಂದಾಗಲೇ ಬದಲಿಸಿ ಕೊಡುತ್ತದೆ ಅನ್ನುವವರು ಒಂದು ಕಡೆ. ಬದಲಿಸುವ ಕೆಲಸವೇ ದಂಡ, ಕಡತ ಇದ್ದ ಹಾಗೆ ಆಡಬಲ್ಲ ಪೆಟ್ಟಿಗೆಯನ್ನು ಟಿವಿಗೆ ಜೋಡಿಸು, ಉಳಿದ ದುಡ್ಡು ಡಿಸ್ಕಿಗೆ ಹಾಕು ಅನ್ನುವವರು ಇನ್ನೊಂದು ಕಡೆ. ನಾಲ್ಕೈದು ವರ್ಷ ಎರಡನ್ನೂ ಮನೆಯಲ್ಲಿ ಮಾಡಿ ನೋಡಿದವನು ನಾನು. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ.

ಈ ಬದಲಿಸುವ ಕೆಲಸದ ಹೆಸರು ಟ್ರಾನ್ಸ್‌ಕೋಡಿಂಗ್. ಅದು ಏನೆಂದು ಮಾವನಿಗೆ ಹೇಳುವುದು ಕಷ್ಟವಾಗಲಿಲ್ಲ, ಅವರು ಮಗ್ಗದ ಮನುಷ್ಯ. ನೇಯ್ದು ಬಂದ ಬಟ್ಟೆಯ ಎಳೆ ಎಳೆ ಬಿಚ್ಚಿ, ಬೇರೆ ಅಗಲಕ್ಕೆ ಮತ್ತೆ ನೇಯ್ದು ಕೊಡುವುದು. ಅದನ್ನೂ ಗಿರಾಕಿ ಕಾಯುತ್ತ ನಿಂತಿರುವಾಗಲೇ, ಅವನ ಕೈಗೆ ಹೋಗುವ ವೇಗದಲ್ಲೇ. ಬಟ್ಟೆ ಅದೇ ಇದ್ದು ಸುತ್ತಿದ ಕಾಗದ ಮಾತ್ರ ಬದಲಿಸುವುದೂ ಉಂಟು: ಎಂಕೆವಿ ಲಕೋಟೆಯಿಂದ ತೆಗೆದು ಎಂಪಿ4 ಲಕೋಟೆಗೆ ಹಾಕಿದಂತೆ. ಅದಕ್ಕೆ ಮಷಿನ್ನಿನ ಬಲ ಏನೂ ಬೇಕಾಗಿಲ್ಲ. ಧ್ವನಿಯೊಂದನ್ನೇ ಬದಲಿಸುವುದೂ ಹಗುರ. ಭಾರವೆಲ್ಲ ಚಿತ್ರದ್ದು. 4ಕೆಯ ಒಂದು ಚೌಕಟ್ಟಿನಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕೆ; 1080ಪಿ ಚೌಕಟ್ಟಿನ ನಾಲ್ಕು ಪಟ್ಟು. ಸೆಕೆಂಡಿಗೆ 25 ಚೌಕಟ್ಟು ಎಂದರೂ 20 ಕೋಟಿ ದಾಟಿತು. ಬಿಚ್ಚಿ ಹರವಿದಾಗ ಸೆಕೆಂಡಿಗೆ 300 ಎಂಬಿಗೂ ಹೆಚ್ಚು ದತ್ತ ನೆನಪಿನ ಚಿಪ್ಪಿನಲ್ಲಿ ಓಡಾಡುತ್ತದೆ. ಗಡಹಿಂಗ್ಲಜದಲ್ಲಿ ದೀಪಾವಳಿ ಹೊತ್ತಿಗೆ ನಡೆಯುವ ಫುಟ್‌ಬಾಲ್ ಪಂದ್ಯವನ್ನು ನಮ್ಮ ಹುಡುಗರು ಸೆಕೆಂಡಿಗೆ 60 ಚೌಕಟ್ಟಿನಲ್ಲಿ ಹಿಡಿಯುತ್ತಾರೆ; ಅಲ್ಲಿಗೆ ಲೆಕ್ಕ 50 ಕೋಟಿ ಚುಕ್ಕೆಯ ಹತ್ತಿರ.

ಇಷ್ಟು ಭಾರವನ್ನು ಪ್ರೊಸೆಸರ್ ಒಂದೇ ಹೊರಬೇಕೆಂದರೆ ಎಷ್ಟು ಬಲ ಬೇಕು? ಇಂಥ ಮನೆ ಸರ್ವರಿನ ತಂತ್ರಾಂಶ ಮಾಡುವ ಪ್ಲೆಕ್ಸ್ ಕಂಪನಿ ತನ್ನ ಬಳಕೆದಾರರಿಗೆ ಕೊಟ್ಟ ಒರಟು ಅಳತೆ ಹೀಗಿದೆ: ಪಾಸ್‌ಮಾರ್ಕ್ ಪರೀಕ್ಷೆಯ ಅಂಕದಲ್ಲಿ 1080ಪಿ ಕಡತವೊಂದಕ್ಕೆ 2,000, 4ಕೆ ಎಚ್‌ಡಿಆರ್ ಕಡತವೊಂದಕ್ಕೆ 17,000. ಒಬ್ಬರು ನೋಡಿದರೆ ಇಷ್ಟು, ಇಬ್ಬರು ನೋಡಿದರೆ ಎರಡರಷ್ಟು. ಇದನ್ನು ಓದಿಯೇ ಎಷ್ಟೋ ಮಂದಿ ಹೆದರಿ ದೊಡ್ಡ ಟವರ್ ಕೊಳ್ಳುತ್ತಾರೆ.

ಆದರೆ ಆ ಅಳತೆ ಪ್ರೊಸೆಸರಿನ ಸಾಮಾನ್ಯ ಬಲಕ್ಕೆ ಮಾತ್ರ. 2011ರಲ್ಲಿ ಇಂಟೆಲ್ ತನ್ನ ಸ್ಯಾಂಡಿ ಬ್ರಿಜ್ ಪ್ರೊಸೆಸರುಗಳೊಳಗೆ ಚಿತ್ರ ಬಿಚ್ಚಿ ಕಟ್ಟುವುದಕ್ಕೆಂದೇ ಪ್ರತ್ಯೇಕ ಭಾಗವೊಂದನ್ನು ಸೇರಿಸಿತು. ಹೆಸರು ಕ್ವಿಕ್ ಸಿಂಕ್. ಅದು ಬೇರೆ ಏನನ್ನೂ ಮಾಡಲಾರದು, ಆ ಒಂದು ಕೆಲಸವನ್ನು ಮಾತ್ರ ಬೆವರಿಲ್ಲದೆ ಮಾಡುತ್ತದೆ. ಮೊದಲಿಗೆ ಅದಕ್ಕೆ ಗೊತ್ತಿದ್ದುದು ಎಚ್.264ನಂಥ ಹಳೆಯ ಬಗೆಗಳು. ಏಳನೇ ಪೀಳಿಗೆಯ ಕೇಬಿ ಲೇಕ್ ಬರುವ ಹೊತ್ತಿಗೆ 10 ಬಿಟ್‌ನ ಎಚ್‌ಇವಿಸಿಯನ್ನೂ ಬಿಚ್ಚಿ ಕಟ್ಟಲು ಕಲಿತಿತ್ತು; ಈಗಿನ ಮೊಬೈಲು, 4ಕೆ ಸಿನಿಮಾಗಳ ಬಹುಪಾಲು ಇದೇ ಬಗೆ. ಹನ್ನೊಂದನೇ ಪೀಳಿಗೆಯಿಂದ ಎವಿ1 ಎಂಬ ಇನ್ನೂ ಹೊಸ ಬಗೆಯನ್ನು ಬಿಚ್ಚಲೂ ಬಂತು. 2023ರ ಆರಂಭದಲ್ಲಿ ಬಂದ ಎನ್100 ಎಂಬ ಪುಟ್ಟ ಪ್ರೊಸೆಸರನ್ನೇ ನೋಡಿ. ನಾಲ್ಕು ಕೋರ್, 6 ವ್ಯಾಟ್. ಪಾಸ್‌ಮಾರ್ಕಿನಲ್ಲಿ ಅದರ ಅಂಕ 5,500ರ ಆಸುಪಾಸು. 17,000ರ ಅಳತೆಗೋಲು ಹಿಡಿದರೆ ಅದು ಮೊದಲ ಸುತ್ತಿಗೇ ಹೊರಗೆ. ಆದರೂ 4ಕೆ ಎಚ್‌ಡಿಆರ್ ಚಿತ್ರವನ್ನು 1080ಪಿಗೆ ಇಳಿಸಿ ಇಬ್ಬರಿಗೆ ಏಕಕಾಲಕ್ಕೆ ಕೊಡುವುದನ್ನು ನಮ್ಮ ಮನೆಯಲ್ಲಿ ನಾನೇ ಕಂಡಿದ್ದೇನೆ.

ಹಾಗಾಗಿ "ಗಟ್ಟಿ ಮಷಿನ್" ಪಕ್ಷದವರ ಮಾತಿನಲ್ಲಿ ಗಟ್ಟಿ ಅನ್ನುವುದರ ಅರ್ಥವೇ ಈಗ ಬದಲಾಗಿದೆ. ಅವರಲ್ಲಿ ತಿಳಿದವರು ಕೋರ್ ಎಣಿಸುವುದಿಲ್ಲ, ಪೀಳಿಗೆ ಕೇಳುತ್ತಾರೆ. ಆಫೀಸುಗಳಿಂದ ಹೊರಬಿದ್ದ ಎಂಟನೇ ಪೀಳಿಗೆಯ ಐ5 ಇರುವ ಪುಟ್ಟ ಡೆಸ್ಕ್‌ಟಾಪ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸಾಕು ಅನ್ನುತ್ತಾರೆ. ಇಂಟೆಲ್ ಮಾದರಿ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಬೇಡ ಅನ್ನುತ್ತಾರೆ, ಏಕೆಂದರೆ ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ, ಆದ್ದರಿಂದ ಕ್ವಿಕ್ ಸಿಂಕೂ ಇಲ್ಲ. ಕೆಲವು ನೂರು ರೂಪಾಯಿ ಕಡಿಮೆ ಎಂದು ಅದನ್ನು ತಂದು ಪರಿತಪಿಸಿದವರನ್ನು ಬಲ್ಲೆ. ರಾಸ್ಪ್‌ಬೆರಿ ಪೈ 5 ಅಗ್ಗದ್ದು, ಮುದ್ದಾದದ್ದು. ಆದರೆ ಹಿಂದಿನ ಪೈ 4ರಲ್ಲಿದ್ದ ಎಚ್.264 ಕಟ್ಟುವ ಭಾಗವನ್ನೂ ಅದರಿಂದ ತೆಗೆದುಬಿಟ್ಟಿದ್ದಾರೆ. ಈ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಎನ್ವಿಡಿಯಾ ಕಾರ್ಡು ಬಲಶಾಲಿಯೇ. ಮನೆಬಳಕೆಯ ಕಾರ್ಡುಗಳಲ್ಲಿ ಒಂದೇ ಸಲಕ್ಕೆ ಎಷ್ಟು ಚಿತ್ರ ಕಟ್ಟಬಹುದೆಂಬ ಮಿತಿಯನ್ನು ಕಂಪನಿ ಡ್ರೈವರಿನಲ್ಲೇ ಹಾಕಿತ್ತು, 2023ರಲ್ಲಿ ಮೂರರಿಂದ ಐದಕ್ಕೆ, 2024ರಲ್ಲಿ ಎಂಟಕ್ಕೆ ಸಡಿಲಿಸಿತು. ಇನ್ನು ನೆನಪು (ರ್ಯಾಮ್) 8 ಜಿಬಿ ಇದ್ದರೆ ನಡೆಯುತ್ತದೆ. ಡಿಸ್ಕಿನ ವೇಗದ ಚಿಂತೆ ಬೇಡವೇ ಬೇಡ: 100 ಮೆಗಾಬಿಟ್‌ನ ಚಿತ್ರಕ್ಕೆ ಸೆಕೆಂಡಿಗೆ 12.5 ಎಂಬಿ ಸಾಕು, ಸಾದಾ ತಿರುಗುವ ಡಿಸ್ಕು ಅದರ ಹತ್ತು ಪಟ್ಟು ಕೊಡುತ್ತದೆ.

ಈ ಪಕ್ಷದ ಬಲ ಇರುವುದು ಯಂತ್ರದಲ್ಲಿ ಅಲ್ಲ, ಕುಟುಂಬದಲ್ಲಿ. ನಮ್ಮ ಮನೆಯನ್ನೇ ನೋಡಿ. ಪಡಸಾಲೆಯ ಟಿವಿ ಹಳೆಯದು, ಎಚ್.264 ಬಿಟ್ಟರೆ ಅದಕ್ಕೆ ಬೇರೆ ಗೊತ್ತಿಲ್ಲ. ಅಕ್ಕ ಬೆಂಗಳೂರಿನಲ್ಲಿ, ಆಫೀಸಿನ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡುತ್ತಾಳೆ. ತಮ್ಮನ ಮಗನ ಐಫೋನು 4ಕೆಯಲ್ಲಿ ಹಿಡಿದರೆ ನಿಮಿಷಕ್ಕೆ 170 ಎಂಬಿ, 60 ಚೌಕಟ್ಟಿಗೆ ಇಟ್ಟರೆ 400 ಎಂಬಿ. ಕಾಳಭೈರವನ ಜಾತ್ರೆ, ಹೊಲದ ಕಬ್ಬಿನ ಕಟಾವು, ಮಗುವಿನ ಜಾವಳ, ವಾರಕ್ಕೊಂದು ಬಂದು ಬೀಳುತ್ತದೆ. ಪ್ರತಿಯೊಂದನ್ನೂ ಕೂತು ಪರಿವರ್ತಿಸಿ ಹೆಸರಿಟ್ಟು ಜೋಡಿಸುವವರು ಯಾರು? ಇದೆಲ್ಲ ತಿಳಿದವನು ಮನೆಗೊಬ್ಬನೇ ಇರುತ್ತಾನೆ. ಅವನಿಗೆ ಬಿಡುವಿಲ್ಲದ ತಿಂಗಳು ಎಲ್ಲವೂ ನಿಂತುಬಿಡುತ್ತದೆ. ಯಂತ್ರವೇ ಮಾಡಿದರೆ ಅವ್ವ ಯಾರನ್ನೂ ಕೇಳದೆ ರಿಮೋಟ್ ಒತ್ತುತ್ತಾಳೆ.

ಇನ್ನೊಂದು ಕಾರಣ ಕರ್ನಾಟಕ–ಮಹಾರಾಷ್ಟ್ರ ಗಡಿಯ ನಮ್ಮಂಥವರಿಗೇ ವಿಶೇಷವಾದದ್ದು. ಗಡಹಿಂಗ್ಲಜ ತಾಲೂಕಿನ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಮಕ್ಕಳು ಓದುವುದು ಮರಾಠಿ. ಸಂಕೇಶ್ವರದ ತವರಿನಿಂದ ಬಂದ ಅವ್ವ ಓದುವುದು ಕನ್ನಡ ಲಿಪಿ ಮಾತ್ರ. ಕನ್ನಡ ಸಬ್‌ಟೈಟಲ್ ಕಡತವನ್ನು ಚಿತ್ರದ ಜೊತೆ ಇಟ್ಟರೆ ಟಿವಿಯ ಆ್ಯಪು ಅಕ್ಷರದ ಬದಲು ಖಾಲಿ ಚೌಕ ತೋರಿಸಿತು. ಇನ್ನೊಂದು ಆ್ಯಪು ಒತ್ತಕ್ಷರಗಳನ್ನು ಕಳಚಿ ಪಕ್ಕಕ್ಕಿಟ್ಟಿತು. ಕಣ್ಣಿಗೆ ಹಿಂಸೆ. ಉಳಿದ ದಾರಿ ಒಂದೇ, ಸರ್ವರೇ ಕನ್ನಡ ಅಕ್ಷರಗಳನ್ನು ಸರಿಯಾಗಿ ಕೂಡಿಸಿ ಚಿತ್ರದ ಮೇಲೇ ಅಚ್ಚೊತ್ತಿ ಕಳಿಸುವುದು. ಹಾಗೆ ಅಚ್ಚೊತ್ತಬೇಕೆಂದರೆ ಒಂದು ಸಾಲು ಅಕ್ಷರಕ್ಕಾಗಿ ಇಡೀ ಚಿತ್ರವನ್ನು ಬಿಚ್ಚಿ ಕಟ್ಟಬೇಕು. ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶದಲ್ಲಿ ನಮ್ಮ ಫಾಂಟ್ ಇರುವ ಫೋಲ್ಡರನ್ನು ತೋರಿಸುವ ಏರ್ಪಾಡಿದೆ. ಅದನ್ನು ಹಾಕಿದ ದಿನ ಅವ್ವ ಮೊದಲ ಸಲ ಒಂದು ಮರಾಠಿ ಸಿನಿಮಾವನ್ನು ಯಾರೂ ಹೇಳಿಕೊಡದೆ ಕೊನೆಯತನಕ ನೋಡಿದಳು. ಟ್ರಾನ್ಸ್‌ಕೋಡಿಂಗ್ ದಂಡ ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲ್ಯಾಟಿನ್ ಅಕ್ಷರ ಓದುವವರಿಗೆ ಬರದ ಕಷ್ಟ ಇದು.

ಈಗ ಇನ್ನೊಂದು ಪಕ್ಷ.

ಅವರ ಮೊದಲ ಮಾತು: ಪ್ರತಿ ಸಲ ಬಿಚ್ಚಿ ಕಟ್ಟಿದಾಗಲೂ ಚಿತ್ರ ಸ್ವಲ್ಪ ಕೆಡುತ್ತದೆ. ಇದು ನಿಜ. ಅವಸರದಲ್ಲಿ ಕಟ್ಟುವ ಚಿಪ್ಪು, ನಿಧಾನವಾಗಿ ಲೆಕ್ಕ ಹಾಕಿ ಕಟ್ಟುವ ತಂತ್ರಾಂಶದಷ್ಟು ಚೆನ್ನಾಗಿ ಕಟ್ಟಲಾರದು. ಅಷ್ಟೇ ಗಾತ್ರದ ಕಡತದಲ್ಲಿ ಸೀರೆಯ ಜರಿ, ಮಳೆಯ ಹನಿ, ಜಾತ್ರೆಯಲ್ಲಿ ಎರಚುವ ಭಂಡಾರದ ಪುಡಿ ಕಲಸಿಹೋಗುತ್ತದೆ. ಎಚ್‌ಡಿಆರ್ ಚಿತ್ರವಾದರೆ ಬಣ್ಣದ ವ್ಯಾಪ್ತಿಯನ್ನೂ ಇಳಿಸಬೇಕು. ಆ ಲೆಕ್ಕ ಸರಿಯಾಗಿ ಕೂರದಿದ್ದರೆ ಮದುಮಗಳ ಮುಖ ಬೂದಿ ಬಳಿದಂತೆ ಕಾಣುತ್ತದೆ.

ಎರಡನೆಯದು: ಬಹುಪಾಲು ಟ್ರಾನ್ಸ್‌ಕೋಡಿಂಗಿಗೆ ಕಾರಣ ಸರ್ವರಿನ ದೌರ್ಬಲ್ಯವಲ್ಲ, ನೋಡುವ ತುದಿಯದು. ಕೆಲವು ಸಾವಿರ ರೂಪಾಯಿಯ 4ಕೆ ಟಿವಿ ಪೆಟ್ಟಿಗೆಯೊಂದು ಎಚ್‌ಇವಿಸಿಯನ್ನು ತಾನೇ ಬಿಚ್ಚುತ್ತದೆ. ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಕನ್ನಡ ಫಾಂಟೂ ಸಾಮಾನ್ಯವಾಗಿ ಒಳಗೇ ಇರುತ್ತದೆ, ಅವ್ವನ ಕಷ್ಟಕ್ಕೂ ಅರ್ಧ ಪರಿಹಾರ ಅಲ್ಲಿದೆ. ಆಗ ಸರ್ವರಿನ ಕೆಲಸ ಕಡತವನ್ನು ಎತ್ತಿ ಕೊಡುವುದಷ್ಟೇ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪೂ ಮಾಡುತ್ತದೆ. ಇಲ್ಲೊಂದು ಗುಟ್ಟು ಹೇಳಬೇಕು: ಎಷ್ಟೋ ದುಬಾರಿ ಟಿವಿಗಳ ಹಿಂದಿನ ನೆಟ್‌ವರ್ಕ್ ಕಿಂಡಿಯ ವೇಗ ಈಗಲೂ 100 ಮೆಗಾಬಿಟ್ ಮಾತ್ರ. 4ಕೆ ಬ್ಲೂ-ರೇ ಡಿಸ್ಕಿನ ಚಿತ್ರ 128 ಮೆಗಾಬಿಟ್‌ವರೆಗೂ ಏರಬಹುದು. ಚಿತ್ರ ನಿಂತು ನಿಂತು ಬಂದಾಗ ನಾವು ಪ್ರೊಸೆಸರನ್ನು ಬೈಯುತ್ತೇವೆ, ತಪ್ಪು ಆ ಕಿಂಡಿಯದಾಗಿರುತ್ತದೆ. ಗೋಡೆಯಾಚೆಯ ವೈಫೈ ಇನ್ನೂ ನೆಚ್ಚಲಾಗದ್ದು. ದಪ್ಪ ಕಲ್ಲುಗೋಡೆಯ ಹಳೇ ಮನೆಗಳಲ್ಲಿ ಮೂವತ್ತು ಮೀಟರ್ ಕೇಬಲ್ ಎಳೆಯುವುದು ಹೊಸ ಮಷಿನ್ನಿಗಿಂತ ಹೆಚ್ಚಿನ ಉಪಕಾರ ಮಾಡೀತು.

ಮೂರನೆಯದು ನನ್ನ ಮನಸ್ಸನ್ನು ಅಲ್ಲಾಡಿಸಿದ ಲೆಕ್ಕ. ಮಾವನ 135 ಜಿಬಿಯ ಮದುವೆಯಿಂದ ಎಂಟು ಮೆಗಾಬಿಟ್‌ನ 1080ಪಿ ಪ್ರತಿಯೊಂದನ್ನು ತೆಗೆದರೆ ಅದು ತಾಸಿಗೆ 3.6 ಜಿಬಿ, ಒಟ್ಟು ಹನ್ನೊಂದು ಜಿಬಿಗೂ ಒಳಗೆ. ಮೂಲದ ಪಕ್ಕದಲ್ಲೇ ಅದನ್ನೂ ಇಟ್ಟರೆ ಡಿಸ್ಕಿನಲ್ಲಿ ಹೆಚ್ಚಾಗುವುದು ಶೇಕಡ ಎಂಟು ಮಾತ್ರ. ಮೂರು ತಾಸೆಂದರೆ 2,70,000 ಚೌಕಟ್ಟು. ಹಳೆಯ ಡೆಸ್ಕ್‌ಟಾಪ್ ಸೆಕೆಂಡಿಗೆ ಐದರಂತೆ ಆಮೆ ನಡಿಗೆಯಲ್ಲಿ ಕಟ್ಟಿದರೂ 15 ತಾಸು. ಆ ಹೊತ್ತೆಲ್ಲ 65 ವ್ಯಾಟ್ ಉರಿದರೂ ಕರೆಂಟು ಒಂದು ಯೂನಿಟ್ಟು. ಒಂದೇ ಸಲದ ಕೆಲಸ, ಚಿತ್ರವೂ ಚೊಕ್ಕ. ಆಮೇಲೆ ನೂರು ಸಲ ನೋಡಿದರೂ ಯಾವ ಚಿಪ್ಪೂ ಬಿಸಿಯಾಗುವುದಿಲ್ಲ. ಜೆಲ್ಲಿಫಿನ್ನಿನಲ್ಲಿ ಎರಡು ಕಡತಗಳನ್ನು ಒಂದೇ ಫೋಲ್ಡರಿನಲ್ಲಿ ಸರಿಯಾದ ಹೆಸರಿಟ್ಟು ಇಟ್ಟರೆ ಒಂದೇ ಚಿತ್ರದ ಎರಡು ಪ್ರತಿಗಳಾಗಿ ತೋರಿಸುತ್ತದೆ, ನೋಡುವವರು ಬೇಕಾದ್ದು ಆರಿಸಬಹುದು.

ಬೆಂಗಳೂರಿನ ಅಕ್ಕನ ವಿಷಯಕ್ಕೂ ಇದು ಹೊಂದುತ್ತದೆ. ನಮ್ಮ ಮನೆಯಿಂದ ಹೊರಹೋಗುವ ಇಂಟರ್ನೆಟ್ ವೇಗ 20 ಮೆಗಾಬಿಟ್ ಇದ್ದರೆ 100 ಮೆಗಾಬಿಟ್‌ನ ಮೂಲ ಅವಳನ್ನು ಮುಟ್ಟುವುದೇ ಇಲ್ಲ, ಮಷಿನ್ ಎಷ್ಟು ಗಟ್ಟಿಯಿದ್ದರೂ. ಇಳಿಸಿಯೇ ಕಳಿಸಬೇಕು. ಆಗಲೇ ಇಳಿಸಿಟ್ಟ ಪ್ರತಿ ಇದ್ದರೆ ಅದೇ ಸೀದಾ ಹೋಗುತ್ತದೆ. ಆದರೆ ಬಸ್ಸಿನಲ್ಲಿ ಅವಳಿಗೆ ಎರಡೇ ಮೆಗಾಬಿಟ್ ಸಿಕ್ಕ ದಿನ ಎಂಟು ಮೆಗಾಬಿಟ್‌ನದ್ದೂ ನಿಲ್ಲುತ್ತದೆ. ಆ ದಿನ ಗೆಲ್ಲುವುದು ಆಗಿಂದಾಗ ಬದಲಿಸುವ ಯಂತ್ರವೇ.

ಮಾವನ ಡಿಸ್ಕನ್ನು ತಂದು ನಮ್ಮ ಎನ್100ಗೆ ಜೋಡಿಸಿದೆ. ನನಗೆ ಅದರ ಮೇಲೆ ಬಹಳ ಭರವಸೆ. ಅದೂ ತಡವರಿಸಿತು, ಒಂದು ಸೆಕೆಂಡು ಓಡಿ ಎರಡು ಸೆಕೆಂಡು ನಿಂತಿತು. ಕಾರಣ ಹುಡುಕಲು ಒಂದು ಸಂಜೆ ಹೋಯಿತು. ಕಡತದ ಬಗೆ ಎಚ್.264, ಆದರೆ 10 ಬಿಟ್, ಬಣ್ಣದ ಹಂಚಿಕೆ 4:2:2. ಮದುವೆಯ ವಿಡಿಯೊದವರ ಹೊಸ ಕ್ಯಾಮೆರಾಗಳು ಬಣ್ಣ ತಿದ್ದಲು ಅನುಕೂಲವೆಂದು ಹೀಗೆ ಹಿಡಿಯುತ್ತವೆ. ಮನೆಯ ಟಿವಿಗಳೂ ಮೊಬೈಲುಗಳೂ ತಯಾರಾಗಿರುವುದು 4:2:0 ಎಂಬ ಹಗುರ ಹಂಚಿಕೆಗೆ. ಎನ್100ನ ಕ್ವಿಕ್ ಸಿಂಕ್ ಈ ಬಗೆಯ ಎಚ್.264 ಅನ್ನು ಬಿಚ್ಚುವುದಿಲ್ಲ. ಎನ್ವಿಡಿಯಾ ಕಾರ್ಡುಗಳಲ್ಲೂ 4:2:2 ಬಿಚ್ಚುವ ಶಕ್ತಿ ಬಂದದ್ದು 2025ರ ಪೀಳಿಗೆಯಲ್ಲಿ. ಚಿಪ್ಪು ಕೈಚೆಲ್ಲಿದಾಗ ಭಾರವೆಲ್ಲ ಪ್ರೊಸೆಸರಿನ ನಾಲ್ಕು ಸಣ್ಣ ಕೋರುಗಳ ಮೇಲೆ ಬಿತ್ತು.

ಇದರಿಂದ ಎರಡೂ ಪಕ್ಷಗಳ ಮಾತಿಗೆ ಒಂದೊಂದು ಅಂಚು ಮೂಡಿತು. ಗಟ್ಟಿ ಮಷಿನ್‌ನವರು "ಪೀಳಿಗೆ ನೋಡಿದರೆ ಸಾಕು, ಕೋರ್ ಬೇಡ" ಅಂದದ್ದು ಪೂರ್ತಿ ನಿಜವಲ್ಲ. ಚಿಪ್ಪಿಗೆ ಗೊತ್ತಿಲ್ಲದ ಬಗೆ ಬಂದಾಗ ಹಳೆಯ 17,000ದ ಅಳತೆಯೇ ಮತ್ತೆ ಎದುರು ನಿಲ್ಲುತ್ತದೆ. ಬದಲಿಸುವುದೇ ಬೇಡ ಅಂದವರದ್ದೂ ಪೂರ್ತಿ ನಿಜವಲ್ಲ. ಟಿವಿ ಪೆಟ್ಟಿಗೆಯೊಳಗಿನ ಚಿಪ್ಪಿಗೂ ಸಾಮಾನ್ಯವಾಗಿ 4:2:2 ಗೊತ್ತಿಲ್ಲ, ಈ ಕಡತವನ್ನು ಇದ್ದ ಹಾಗೆ ಪೆಟ್ಟಿಗೆಯಲ್ಲಿ ನೆಚ್ಚಿ ಆಡಿಸಲಾಗದು. ಒಂದು ಸಲವಾದರೂ ಬದಲಿಸಲೇಬೇಕು. ರಾತ್ರಿಯೆಲ್ಲ ನಿಧಾನವಾಗಿ ಕಟ್ಟುವ ದಾರಿ ಇಲ್ಲಿ ಎಲ್ಲರಿಗಿಂತ ಮುಂದೆ ನಿಂತಿತು, ಅದಕ್ಕೆ ಎನ್100 ಕೂಡ ಸಾಕಾಯಿತು. ಎಷ್ಟು ತಾಸಾದರೇನು, ಕಾಯುವವರು ಯಾರೂ ಇರಲಿಲ್ಲ.

ಇಚಲಕರಂಜಿಯ ಮನೆಗೆ ಮಷಿನ್ ಹೇಳುವಾಗ ಅಂಕಗಳಾಚೆಯ ಸಂಗತಿಗಳೂ ಇವೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ಹಾಕಿದ ಊರು ಅದು. ಮಾವನ ಮನೆಯ ಕೆಳಗಡೆ ಮಗ್ಗ, ಮೇಲೆ ವಾಸ. ಹತ್ತಿಯ ನವಿರು ಧೂಳು ಮೆಟ್ಟಿಲು ಹತ್ತಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಫ್ಯಾನ್ ಇರುವ ಟವರಿನ ಒಳಗೆ ಅದು ಆರು ತಿಂಗಳಲ್ಲಿ ಹಾಸಿಗೆಯಂತೆ ಹರಡಿ ಗಾಳಿಯ ದಾರಿ ಕಟ್ಟುವುದನ್ನು ಬಿಚ್ಚಿ ನೋಡಿದ್ದೇನೆ. ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕೊಂಡ ದಿನ 17,000 ಅಂಕದ್ದು ಮೇ ತಿಂಗಳಲ್ಲಿ ಅಷ್ಟಿರುವುದಿಲ್ಲ. ಫ್ಯಾನೇ ಇಲ್ಲದ ಪುಟ್ಟ ಪೆಟ್ಟಿಗೆ ಅಲ್ಲಿ ಹೆಚ್ಚು ಬಾಳುತ್ತದೆ. ಮಗ್ಗಗಳು ಒಮ್ಮೆಲೇ ಶುರುವಾದಾಗ ದೀಪ ಮಂಕಾಗುವ ಊರಲ್ಲಿ ಸಣ್ಣದೊಂದು ಯುಪಿಎಸ್ ಇಲ್ಲದೆ ತಿರುಗುವ ಡಿಸ್ಕು ಇಡುವುದು ತಪ್ಪು. ಕರೆಂಟಿನ ಖರ್ಚನ್ನೂ ಎಣಿಸಿ: ಹಗಲಿರುಳು 10 ವ್ಯಾಟ್ ಎಳೆಯುವ ಪೆಟ್ಟಿಗೆಗೆ ವರ್ಷಕ್ಕೆ 88 ಯೂನಿಟ್, 60 ವ್ಯಾಟಿನ ಟವರಿಗೆ 525. ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೆ ವರ್ಷದ ಅಂತರ ನಾಲ್ಕು ಸಾವಿರದ ಮೇಲೆ. ಎರಡು ವರ್ಷದ ಆ ಅಂತರದಲ್ಲಿ ಟಿವಿ ಪೆಟ್ಟಿಗೆಯೊಂದು ಬಂದುಬಿಡುತ್ತದೆ.

ಕೊಲ್ಹಾಪುರದಲ್ಲಿರುವ ದೊಡ್ಡಪ್ಪನ ಮಗ ಗೇಮ್ ಆಡಲೆಂದು ಕೊಂಡ ದೊಡ್ಡ ಮಷಿನ್ ಇಟ್ಟಿದ್ದಾನೆ, ಅದರಲ್ಲಿ ಕಾರ್ಡು ಇದೆ. ಅವನಿಗೆ ಈ ಚರ್ಚೆಯೇ ಅನವಶ್ಯ. ಇರುವುದನ್ನು ಬಳಸುವವನಿಗೆ ಬಲ ಉಚಿತ. ಹೊಸದಾಗಿ ಕೊಳ್ಳುವವನಿಗೆ ಅಲ್ಲ. ಆದರೆ ಅವನ ಮನೆ ಇರುವುದು ಪಂಚಗಂಗೆಯ ಬದಿಯ ತಗ್ಗಿನಲ್ಲಿ. 2019ರ ಆಗಸ್ಟಿನಲ್ಲಿ ರಾಜಾರಾಮ ಬಂಧಾರದ (ಒಡ್ಡಿನ) ಬಳಿ ನೀರು 55 ಅಡಿ ದಾಟಿತ್ತು, ಅಲ್ಲಿ ಅಪಾಯದ ಮಟ್ಟವೇ 43 ಅಡಿ. ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. 2021ರ ಜುಲೈನಲ್ಲಿ ನೆರೆ ಮತ್ತೆ ಬಂತು. ಅವನ ಮನೆಯ ನೆಲಮಾಳಿಗೆಯಲ್ಲಿದ್ದ ಹಳೆಯ ಕ್ಯಾಸೆಟ್ಟುಗಳು, ಎರಡು ಡಿಸ್ಕು, ಅಜ್ಜನ ಅರವತ್ತರ ಶಾಂತಿಯ ವಿಡಿಯೊ, ಎಲ್ಲ ಕೆಸರಿನೊಳಗೆ ಹೋದವು. ಒಂದೇ ಪ್ರತಿ ಇತ್ತು.

ಕೊಲ್ಹಾಪುರದ ಮಾತು ಬಂದಾಗ ಕನ್ನಡಿಗನಿಗೆ ಇನ್ನೊಂದು ನಷ್ಟ ನೆನಪಾಗದೆ ಇರದು. ಸಿನಿಮಾ ಯಂತ್ರವನ್ನೇ ಕೈಯಾರೆ ಕಟ್ಟಿದ ಊರು ಅದು: ಬಾಬುರಾವ್ ಪೇಂಟರ್ ಅಲ್ಲೇ ಕ್ಯಾಮೆರಾ ತಯಾರಿಸಿ 1920ರಲ್ಲಿ 'ಸೈರಂಧ್ರಿ' ತೆಗೆದರು, 1929ರಲ್ಲಿ ಪ್ರಭಾತ್ ಕಂಪನಿ ಹುಟ್ಟಿದ್ದೂ ಅಲ್ಲೇ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ, ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಮೊದಲು ತೆರೆಯ ಮೇಲೆ ಹೇಗೆ ಕೇಳಿಸಿತು ಎಂಬುದನ್ನು ಇನ್ನು ಯಾರೂ ಕೇಳಲಾರರು. ನಮ್ಮ ಮನೆಯಿಂದ ಎರಡು ತಾಸಿನ ದಾರಿಯಲ್ಲಿ ಹುಟ್ಟಿದ ಚಿತ್ರ ಅದು, ನನಗೆ ಇದು ಮನೆಯ ನಷ್ಟದಂತೆಯೇ ತಟ್ಟುತ್ತದೆ.

ಈ ನಷ್ಟವನ್ನು ಎರಡೂ ಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳಬಹುದು, ಎಳೆದುಕೊಳ್ಳುವುದೂ ನ್ಯಾಯವೇ. ಮೂಲ ಕಾಯದಿದ್ದರೆ ಮಷಿನ್ ಎಂಥದ್ದಿದ್ದು ಏನು ಫಲ, ಮೊದಲು ಡಿಸ್ಕಿಗೆ ದುಡ್ಡು ಹಾಕಿ ಅನ್ನುವುದು ಒಂದು. ಇನ್ನೊಂದನ್ನೂ ಕೇಳಬೇಕು: ಡಬ್ಬಿಯೊಳಗೆ ಸುಮ್ಮನೆ ಕೂತ ರೀಲನ್ನು ಯಾರೂ ಕಾಯುವುದಿಲ್ಲ. ಜನ ನೋಡುವುದನ್ನು ಜನ ನಕಲು ಮಾಡಿಟ್ಟುಕೊಳ್ಳುತ್ತಾರೆ, ನೋಡಲು ಸುಲಭವಾದದ್ದೇ ಉಳಿಯುತ್ತದೆ. ಅಟ್ಟದ ಮೇಲೆ 135 ಜಿಬಿ ಇಟ್ಟು ಪಡಸಾಲೆಯಲ್ಲಿ ಅದು ತೆರೆಯದಿದ್ದರೆ ಹತ್ತು ವರ್ಷಕ್ಕೆ ಆ ಡಿಸ್ಕು ಯಾವುದೆಂದೇ ಮರೆತುಹೋಗುತ್ತದೆ. ಅಜ್ಜನ ವಿಡಿಯೊವನ್ನು ನಾವು ಎಂದೂ ಟಿವಿಯಲ್ಲಿ ನೋಡಲಾಗಿರಲಿಲ್ಲ. ನೋಡಿದ್ದರೆ ಅಕ್ಕನಾದರೂ ಒಂದು ನಕಲು ಬೆಂಗಳೂರಿಗೆ ಒಯ್ದಿರುತ್ತಿದ್ದಳು.

ಹಾಗಾದರೆ ಮಾವನಿಗೆ ಏನು ಹೇಳಿದೆ? ನನ್ನ ತೂಕದಲ್ಲಿ ತಕ್ಕಡಿ ಪೂರ್ತಿ ಯಾವ ಕಡೆಗೂ ವಾಲಲಿಲ್ಲ, ಆದರೆ ದುಡ್ಡು ಯಾವುದಕ್ಕೆ ಮೊದಲು ಅನ್ನುವುದು ಸ್ಪಷ್ಟವಾಯಿತು. ಮೊದಲು ಎರಡು ಡಿಸ್ಕು, ಎರಡೂ ಬೇರೆ ಬೇರೆ ಊರಲ್ಲಿ. ಆಮೇಲೆ ಟಿವಿಗೆ ಪೆಟ್ಟಿಗೆ, ಕೇಬಲ್ಲು. ಮಷಿನ್ ಮೂರನೆಯದು, ಅದೂ ಫ್ಯಾನಿಲ್ಲದ ಎನ್100. ಮನೆಯಲ್ಲಿ ನಾಲ್ಕು ಜನ ಹೊರಗಿನಿಂದ ಏಕಕಾಲಕ್ಕೆ 4ಕೆ ನೋಡುವವರಿದ್ದರೆ, ಅಥವಾ ವಿಡಿಯೊ ಕೆಲಸವನ್ನೇ ಕಸುಬಾಗಿ ಮಾಡುವವರಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಅವರಿಗೆ ಎಂಟು ಕೋರಿನದ್ದೋ ಕಾರ್ಡಿನದ್ದೋ ಬೇಕೇ ಬೇಕು. ಎನ್100ಗೆ ನೆನಪಿನ ದಾರಿ ಒಂದೇ. ಮೂರು ನಾಲ್ಕು ಚಿತ್ರ ಒಟ್ಟಿಗೆ ಬಿಚ್ಚಿ ಹರವುವಾಗ ಅದು ಕಟ್ಟಿಕೊಳ್ಳುತ್ತದೆ. ಸಾಮಾನ್ಯ ಕುಟುಂಬಕ್ಕೆ ಆ ದಿನ ವರ್ಷಕ್ಕೆ ಎರಡು ಸಲ ಬಂದೀತು, ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ.

ಮಾವನಿಗೆ ಮೊದಲು ಸ್ವಲ್ಪ ನಿರಾಸೆಯಾಯಿತು. ದೊಡ್ಡದೊಂದು ಬರುತ್ತದೆಂದು ಕಪಾಟಿನ ಕೆಳಗೆ ಜಾಗ ಮಾಡಿಸಿದ್ದರು. ಅಂಗೈಯಗಲದ ಪೆಟ್ಟಿಗೆ ನೋಡಿ "ಇಷ್ಟ ಏನು?" ಎಂದರು. ರಾತ್ರಿ ಕಟ್ಟಲು ಬಿಟ್ಟದ್ದು ಮರುದಿನ ಮಧ್ಯಾಹ್ನ ದಾಟಿದ ಮೇಲೆ ಮುಗಿಯಿತು. ಸಂಜೆ ಓಣಿಯವರು ಮತ್ತೆ ಬಂದು ಕೂತರು. ಹೆಣ್ಣೊಪ್ಪಿಸುವ ಹೊತ್ತಿಗೆ ಅತ್ತೆ ಕಣ್ಣೊರೆಸಿಕೊಂಡರು, ಯಾರೋ ಹಿಂದಕ್ಕೆ ಒತ್ತಿ ಮತ್ತೆ ತೋರಿಸೆಂದರು, ಚಿತ್ರ ನಿಲ್ಲದೆ ಹಿಂದಕ್ಕೆ ಹೋಗಿ ಮತ್ತೆ ಬಂತು.

ಹೊರಡುವಾಗ ಎರಡನೇ ಡಿಸ್ಕನ್ನು ಮಾವ ಮಗ್ಗದ ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ನಮ್ಮೂರಲ್ಲಿ ಹಿರಣ್ಯಕೇಶಿಯೂ ಉಕ್ಕುತ್ತದೆ, ಆದರೆ ನಮ್ಮ ಮನೆ ದಿಬ್ಬದ ಮೇಲಿದೆ. ಡಿಸ್ಕಿನ ಮೇಲೆ ಮದುವೆಯ ದಿನಾಂಕವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿ, ಅಟ್ಟದ ಮೇಲೆ ಅವ್ವನ ಟ್ರಂಕಿನೊಳಗೆ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ತೆಗೆದು ಓಡಿಸಿ ನೋಡುತ್ತೇನೆ.